ಮನೆಯ ವೈರಿಂಗಿಗೆ ಪ್ಲಾಸ್ಟಿಕ್ ಹೊದಿಕೆ ಆರಿಸುವ ಕ್ರಮ

ವೈರು ಕೊಳ್ಳುವಾಗ ತಾಮ್ರದ ದಪ್ಪವನ್ನು ಎಲ್ಲರೂ ವಿಚಾರಿಸುತ್ತಾರೆ. ಹೊದಿಕೆ ಯಾವ ಪ್ಲಾಸ್ಟಿಕ್ಕಿನದೆಂದು ಕೇಳುವವರು ಕಡಿಮೆ. ಆದರೆ ತಂತಿ ಎಷ್ಟು ಬಿಸಿ ತಾಳುತ್ತದೆ, ಉರಿದರೆ ಎಂಥ ಹೊಗೆ ಬರುತ್ತದೆ, ಬಿಸಿಲಿನಲ್ಲಿ ಎಷ್ಟು ಕಾಲ ಬಾಳುತ್ತದೆ ಎಂಬುದೆಲ್ಲ ಹೊದಿಕೆಯನ್ನೇ ಅವಲಂಬಿಸಿರುವುದರಿಂದ, ತಂತಿ ಹಾಯುವ ಜಾಗವನ್ನು ಮೊದಲು ನೋಡಿಕೊಳ್ಳಬೇಕು.

ಗೋಡೆಯೊಳಗಿನ ಪೈಪುಗಳಲ್ಲಿ ಹಾಯುವ ತಂತಿಗೆ ಪಿವಿಸಿ ಹೊದಿಕೆಯೇ ರೂಢಿ. ಅದು ಸುಲಭವಾಗಿ ಬಾಗುತ್ತದೆ, ಬೆಲೆಯೂ ಕಡಿಮೆ. ಸಾಮಾನ್ಯ ಪಿವಿಸಿಯಾದರೆ ಒಳಗಿನ ತಾಮ್ರದ ಬಿಸಿ ನಿರಂತರವಾಗಿ 70 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಗೀಸರ್, ಎಸಿ ಲೈನುಗಳನ್ನೆಲ್ಲ ಒಂದೇ ಪೈಪಿನಲ್ಲಿ ತುರುಕಿದರೆ ಬಿಸಿ ಹೊರಹೋಗದೆ ಈ ಮಿತಿ ಬೇಗನೆ ಮುಟ್ಟುತ್ತದೆ. ಫಾಲ್ಸ್ ಸೀಲಿಂಗಿನಲ್ಲಿ ಪಿವಿಸಿ ತಂತಿಯನ್ನು ಥರ್ಮಾಕೋಲಿಗೆ ತಾಗಿಸಬೇಡಿ: ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ದ್ರವ್ಯ ಥರ್ಮಾಕೋಲಿಗೆ ಇಳಿದು, ಥರ್ಮಾಕೋಲು ಕರಗಿ ಅಂಟುತ್ತದೆ, ತಂತಿಯ ಹೊದಿಕೆ ಗಡಸಾಗಿ ಬಿರಿಯತೊಡಗುತ್ತದೆ.

ಪಿವಿಸಿಯಲ್ಲಿರುವ ಕ್ಲೋರಿನ್ ಉರಿ ಹರಡುವುದನ್ನು ಒಂದಿಷ್ಟು ತಡೆಯುತ್ತದೆ, ನಿಜ. ಆದರೆ ಸುಟ್ಟಾಗ ಅದೇ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಕಣ್ಣು, ಗಂಟಲುಗಳನ್ನು ಉರಿಸುತ್ತದೆ. ಕಪ್ಪು ಹೊಗೆಯಲ್ಲಿ ಬಾಗಿಲೂ ಕಾಣುವುದಿಲ್ಲ. ತಂತಿಯ ಮೇಲೆ ಎಫ್‌ಆರ್ (ಫ್ಲೇಮ್ ರಿಟಾರ್ಡೆಂಟ್) ಎಂದಿದ್ದರೆ ಉರಿ ನಿಧಾನ ಎಂದಷ್ಟೇ ಅರ್ಥ. ಎಫ್‌ಆರ್‌ಎಲ್‌ಎಸ್‌ನಲ್ಲಿ, ಅಂದರೆ ಕಡಿಮೆ ಹೊಗೆಯ ಎಫ್‌ಆರ್ ಪಿವಿಸಿಯಲ್ಲಿ, ಹೊಗೆಯೂ ಆಮ್ಲಾನಿಲವೂ ತಗ್ಗುತ್ತವೆ, ಇಲ್ಲವಾಗುವುದಿಲ್ಲ. ಹ್ಯಾಲೋಜನ್ (ಕ್ಲೋರಿನ್, ಬ್ರೋಮಿನ್‌ಗಳಂಥ ಧಾತುಗಳ ಗುಂಪು) ಇಲ್ಲದ ಎಚ್‌ಎಫ್‌ಎಫ್‌ಆರ್ ಹೊದಿಕೆಯಲ್ಲಿ ಕ್ಲೋರಿನ್ನೇ ಇರುವುದಿಲ್ಲ; ಅದರಲ್ಲಿ ಬೆರೆಸುವ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನಂಥ ಖನಿಜ ಬಿಸಿಗೆ ನೀರಾವಿ ಬಿಟ್ಟು ಜ್ವಾಲೆಯನ್ನು ಕುಗ್ಗಿಸುತ್ತದೆ. ಮಕ್ಕಳು, ವೃದ್ಧರು ಮಲಗುವ ಕೋಣೆಗಳಿಗೆ, ಅಪಾರ್ಟ್‌ಮೆಂಟಿನ ಮೆಟ್ಟಿಲ ದಾರಿಗೆ ಹೆಚ್ಚಿನ ಬೆಲೆ ತೆತ್ತಾದರೂ ಇದನ್ನೇ ಹಾಕಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಮೀಟರಿನಿಂದ ಮನೆಗೆ ಬರುವ ದಪ್ಪ ಕೇಬಲ್ಲಿಗೆ ಎಕ್ಸ್‌ಎಲ್‌ಪಿಇ ಎಂಬ ಪಾಲಿಥೀನ್ ಹೊದಿಕೆ ಒಳ್ಳೆಯದು. ಪಾಲಿಥೀನಿನ ಅಣುಗಳ ಸರಪಳಿಗಳನ್ನು ಪರಸ್ಪರ ಬೆಸೆದಿರುವುದರಿಂದ ಅದು ಬಿಸಿಗೆ ಕರಗಿ ಹರಿಯುವುದಿಲ್ಲ. ನಿರಂತರವಾಗಿ 90 ಡಿಗ್ರಿಯನ್ನೂ, ಶಾರ್ಟ್ ಸರ್ಕ್ಯೂಟಿನ ಕ್ಷಣಗಳಲ್ಲಿ 250 ಡಿಗ್ರಿಯನ್ನೂ ತಾಳುತ್ತದೆ. ಸಾಮಾನ್ಯ ಪಿವಿಸಿಗೆ ಆ ಕ್ಷಣದ ಮಿತಿ 160 ಡಿಗ್ರಿ. ಆದರೆ ಎರಡೂ ತುದಿಯಲ್ಲಿ ತಂತಿ ಕಚ್ಚಿಸುವ ಟರ್ಮಿನಲ್ಲುಗಳು 90 ಡಿಗ್ರಿಗೆ ತಕ್ಕವಲ್ಲದಿದ್ದರೆ, ಆ ಲೆಕ್ಕದಲ್ಲಿ ಹೆಚ್ಚು ಲೋಡ್ ಹಾಕಬಾರದು.

ತಾರಸಿಯ ಸೌರಫಲಕಕ್ಕೆ ಬಿಸಿಲು ತಾಳುವ, ಐಎಸ್ (ಭಾರತೀಯ ಮಾನಕ) 17293 ಗುರುತಿನ ಸೋಲಾರ್ ಡಿಸಿ ಕೇಬಲ್ ಬೇಕು. ಮನೆಯೊಳಗಿನ ತಂತಿ ಅಲ್ಲಿ ಸಲ್ಲದು. ಕೊಳವೆಬಾವಿಯ ಮೋಟರಿಗೆ ಮೂರು ಕೋರಿನ (ಒಳಗೆ ಮೂರು ತಂತಿಗಳಿರುವ) ಚಪ್ಪಟೆ ಪಿವಿಸಿ ಕೇಬಲ್ ಸಾಕು.

ಅಂಗಡಿಯಲ್ಲಿ ಕಾಯಿಲಿನ ಪೆಟ್ಟಿಗೆಯನ್ನಷ್ಟೇ ನೋಡದೆ ತಂತಿಯ ಮೇಲಿನ ಅಚ್ಚನ್ನೂ ಓದಿ: ಪಿವಿಸಿಗೆ ಐಎಸ್ 694, ಹ್ಯಾಲೋಜನ್ ರಹಿತಕ್ಕೆ ಐಎಸ್ 17048, ಎಕ್ಸ್‌ಎಲ್‌ಪಿಇಗೆ ಐಎಸ್ 7098. ಪೆಟ್ಟಿಗೆಯ ಮೇಲೆ ಒಂದು, ತಂತಿಯ ಮೇಲೆ ಇನ್ನೊಂದು ಇದ್ದರೆ ಆ ಕಾಯಿಲನ್ನು ತೆಗೆದುಕೊಳ್ಳಬೇಡಿ.