ಬಚ್ಚಲಿಗೆ ಬಾವಿಯ ಬಿಸಿ

ಶಿರಸಿ ಪೇಟೆಯಲ್ಲಿ ಫ್ರಿಜ್, ಏಸಿ ರಿಪೇರಿ ಮಾಡುವವ ನಾನು. ಮನೆ ಮಾತ್ರ ಪೇಟೆಯಿಂದ ಒಳಗೆ, ತೋಟದ ತಲೆಯ ಮೇಲೆ. ಮಳೆಗಾಲದಲ್ಲಿ ಬಚ್ಚಲ ಒಲೆಯ ಪಾಡು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಟ್ಟಿಗೆ ಹಸಿ, ಅಡಿಕೆ ಸಿಪ್ಪೆ ತುರುಕಿದರೆ ಬರೀ ಹೊಗೆ. ಆಯಿ ಊದಿ ಊದಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹಂಡೆಯ ನೀರು ಉಗುರುಬೆಚ್ಚಗಾದರೆ ದೊಡ್ಡದು. ಸೋಲಾರ್ ಇದೆ. ಜೂನ್ ಬಂತೆಂದರೆ ಅದು ಮಾಡಿನ ಮೇಲಿನ ಅಲಂಕಾರ.

ಚಿಕ್ಕಪ್ಪನ ಮಗ ಸ್ವೀಡನ್ನಿನಲ್ಲಿದ್ದಾನೆ. ಅಂಗಳದಲ್ಲಿ ಬೋರ್ ಹೊಡೆಸುವ ವಿಡಿಯೋ ಕಳಿಸಿದ. ನೀರಿಗಲ್ಲ, ಮನೆ ಬಿಸಿ ಮಾಡಲು! ನೂರೈವತ್ತು ಮೀಟರ್ ತೂತು, ಅದರೊಳಗೆ ಹೋಗಿ ಬರುವ ಪ್ಲಾಸ್ಟಿಕ್ ಪೈಪು, ಪೈಪಿನಲ್ಲಿ ಹೆಪ್ಪುಗಟ್ಟದಂತೆ ಎಥನಾಲ್ ಬೆರೆಸಿದ ನೀರು. ಹೊರಗೆ ಹವೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದರೂ ಆಳದ ಬಂಡೆಗೆ ಅದರ ಸುದ್ದಿ ಮುಟ್ಟುವುದಿಲ್ಲ; ಆ ಊರಿನ ವರ್ಷದ ಸರಾಸರಿ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಬಿಸಿ ಅಲ್ಲಿ ಸದಾ ಇರುತ್ತದೆ. ಆ ಐದಾರು ಡಿಗ್ರಿಯಿಂದ ಶಾಖ ಎಳೆದು ಮನೆಗೆ ಕೊಡುವುದು ಕಂಪ್ರೆಸರ್ ಕೆಲಸ. ಇಂಥ ಮಷಿನಿಗೆ ಹೀಟ್ ಪಂಪ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಹೈನ್ರಿಚ್ ಜೋಲಿ ಎಂಬಾತ ಇದಕ್ಕೆ 1912ರಲ್ಲೇ ಪೇಟೆಂಟ್ ಮಾಡಿಸಿದ್ದನಂತೆ. ನನಗೆ ಅದು ಹೊಸದಾಗಿ ಕಾಣಲಿಲ್ಲ. ಫ್ರಿಜ್ ಮಾಡುವುದೂ ಅದನ್ನೇ, ಒಳಗಿನ ಶಾಖ ಎಳೆದು ಹೊರಗೆ ಬಿಡುವುದು; ಅದರ ಬೆನ್ನು ಬಿಸಿಯಾಗುವುದನ್ನು ದಿನಾ ಮುಟ್ಟಿ ನೋಡುವವ ನಾನು.

ನಮ್ಮ ಬಾವಿಗೆ ಥರ್ಮಾಮೀಟರ್ ಇಳಿಬಿಟ್ಟೆ. ಜನವರಿಯ ಬೆಳಗಿನ ಜಾವ ಅಂಗಳದಲ್ಲಿ 14, ನೀರಲ್ಲಿ 25. ಆಯಿ ಕೇಳಿದಳು: ‘ಬಾವಿ ನೀರು ತಣ್ಣಗೆ ಇದ್ದು, ಅದ್ರಿಂದ ಬಿಸಿ ಹೆಂಗೆ ಬತ್ತು ಮಾಣಿ?’ ಮಷಿನಿನೊಳಗೆ ಓಡುವ ಗ್ಯಾಸು ಅದಕ್ಕಿಂತ ತಣ್ಣಗಿದ್ದರೆ ಬತ್ತು ಆಯಿ, ಎಂದೆ. ನಂಬಲಿಲ್ಲ.

ಗುಜರಿಗೆ ಹೊರಟಿದ್ದ ಒಂದು ಟನ್ನಿನ ಕಿಟಕಿ ಏಸಿ ಅಂಗಡಿಯಲ್ಲಿತ್ತು. ಕಂಪ್ರೆಸರ್ ಉಳಿಸಿಕೊಂಡೆ. 200 ಲೀಟರಿನ ಸ್ಟೀಲ್ ಟ್ಯಾಂಕಿನೊಳಗೆ ತಾಮ್ರದ ಪೈಪು ಸುರುಳಿ ಸುತ್ತಿ ಬಿಸಿ ಬದಿ ಮಾಡಿದೆ. ತಣ್ಣನೆ ಬದಿಗೆ ಹುಬ್ಬಳ್ಳಿಯಿಂದ ಒಂದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ತಂದೆ; ತೆಳು ತಗಡುಗಳ ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಗ್ಯಾಸು ಹರಿದು, ಬೆರೆಯದೆ ಶಾಖ ಮಾತ್ರ ದಾಟುವ ಡಬ್ಬಿ ಅದು.

ಮೊದಲು ಮಾಡಿದ್ದು ದಡ್ಡತನ. ಅರ್ಧ ಎಚ್‌ಪಿ ಪಂಪು ಹಾಕಿ ಬಾವಿ ನೀರನ್ನೇ ಮೇಲೆತ್ತಿ, ಪ್ಲೇಟಿನಲ್ಲಿ ಹಾಯಿಸಿ, ತಿರುಗಿ ಬಾವಿಗೆ ಬಿಟ್ಟೆ. ನೀರು ಕಾದಿತು. ಆದರೆ ಕಂಪ್ರೆಸರ್ ಒಂದು ಕಿಲೋವ್ಯಾಟ್ ತಿಂದರೆ ಪಂಪಿಗೇ ಮತ್ತೆ ಸುಮಾರು 400 ವ್ಯಾಟ್. ಉಳಿಸಿದ್ದರಲ್ಲಿ ಒಂದು ಪಾಲನ್ನು ಮೂವತ್ತಡಿ ನೀರೆತ್ತುವುದಕ್ಕೇ ಸುರಿದಂತಾಯಿತು. ಆಮೇಲೆ ಸ್ವೀಡನ್ನಿನವನ ಪೈಪು ನೆನಪಾಯಿತು. ಅವರು ನೀರು ಎತ್ತುವುದೇ ಇಲ್ಲ, ತಿರುಗಿಸುತ್ತಾರೆ. ಇಳಿಯುವ ನೀರಿನ ತೂಕವೇ ಏರುವ ನೀರನ್ನು ಹೊರುತ್ತದೆ, ಪಂಪಿಗೆ ಉಳಿಯುವುದು ಪೈಪಿನ ತಿಕ್ಕಾಟ ಮಾತ್ರ. ಮುಕ್ಕಾಲು ಇಂಚಿನ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು 100 ಮೀಟರ್ ತಂದು ಸುರುಳಿ ಕಟ್ಟಿ, ಕಲ್ಲು ಬಿಗಿದು ಬಾವಿಯ ತಳಕ್ಕೆ ಇಳಿಸಿದೆ. ಈಗ 90 ವ್ಯಾಟಿನ ಪುಟ್ಟ ಪಂಪು ಸಾಕಾಯಿತು.

ಲೆಕ್ಕ ಹೀಗೆ. 200 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ಏರಿಸಲು 5.8 ಯೂನಿಟ್ ಶಾಖ ಬೇಕು. ಗೀಸರ್ ಅಷ್ಟನ್ನೂ ಮೀಟರಿನಿಂದಲೇ ಎಳೆಯುತ್ತದೆ. ನನ್ನ ಮೀಟರಿನಲ್ಲಿ ಓಡಿದ್ದು 1.8. ಮಿಕ್ಕ ನಾಲ್ಕು ಬಾವಿಯದ್ದು. ಬಾವಿ ತಣ್ಣಗಾಗಿಬಿಡುತ್ತದೆಂದು ಅಪ್ಪಯ್ಯನಿಗೆ ಹೆದರಿಕೆ. ಹತ್ತಡಿ ಅಗಲ, ಹತ್ತಡಿ ನೀರಿನ ಬಾವಿಗೆ ದಿನಕ್ಕೆ ಒಂದು ಡಿಗ್ರಿಯ ಆರನೇ ಒಂದು ಪಾಲೂ ಇಳಿಯುವುದಿಲ್ಲ, ಅದನ್ನೂ ಮಣ್ಣು ತುಂಬಿಕೊಡುತ್ತದೆ.

ಕೆಟ್ಟದ್ದು ಮೇ ತಿಂಗಳಲ್ಲಿ. ಬಾವಿಯ ನೀರು ಸೊಂಟಮಟ್ಟಕ್ಕೆ ಇಳಿದು ಸುರುಳಿಯ ಅರ್ಧ ಹೊರಗೆ ಬಂದಿತ್ತು. ನಾನು ನೋಡಿರಲಿಲ್ಲ. ಸಾಲದ್ದಕ್ಕೆ ಲೈನಿನಲ್ಲಿ ಏರ್ ಹಿಡಿದು ಪಂಪು ಸದ್ದು ಮಾಡುತ್ತಿತ್ತೇ ಹೊರತು ನೀರು ಹರಿಯುತ್ತಿರಲಿಲ್ಲ. ಇಂಥದ್ದಕ್ಕೆಂದೇ, ಗ್ಯಾಸಿನ ಒತ್ತಡ ತೀರಾ ಇಳಿದರೆ ಕಂಪ್ರೆಸರ್ ನಿಲ್ಲಿಸುವ ಲೋ ಪ್ರೆಶರ್ ಸ್ವಿಚ್ ಇರುವುದು. ಅದು ಪದೇ ಪದೇ ಟ್ರಿಪ್ ಆಗುತ್ತದೆಂದು ವಾರದ ಹಿಂದೆ ನಾನೇ ವೈರ್ ಹಾಕಿ ಶಾರ್ಟ್ ಮಾಡಿದ್ದೆ. ಗಿರಾಕಿ ಹಾಗೆ ಮಾಡಿದ್ದರೆ ಬೈದು ಕಳಿಸುತ್ತಿದ್ದೆ. ಪ್ಲೇಟಿನೊಳಗೆ ನಿಂತ ನೀರು ಮಂಜುಗಡ್ಡೆಯಾಗಿ ತಗಡು ಸೀಳಿತು, ಸುಟ್ಟ ಸೆಕೆಯ ಮೇ ತಿಂಗಳಲ್ಲಿ! ಮಂಜು ಕರಗಿದ ಮೇಲೆ ನೀರು ಗ್ಯಾಸ್ ಲೈನಿಗೆ ಹೊಕ್ಕಿತು. ನಾನು ಮನೆಗೆ ಬಂದಾಗ ಕಂಪ್ರೆಸರ್ ಎರಡು ಸಲ ‘ಕಟ್’ ಎಂದು ಸುಮ್ಮನಾಯಿತು. ಎಣ್ಣೆ ಬಗ್ಗಿಸಿದರೆ ಹಾಲು ಹಾಕಿದ ಚಹಾದ ಬಣ್ಣ.

ಎರಡನೇ ಸಲಕ್ಕೆ ಹಳೆಯ ಏಸಿಯ ಗ್ಯಾಸು ಆರ್-22 ಅನ್ನು ಕೈಬಿಟ್ಟೆ. ಹೇಗೂ 2030ರೊಳಗೆ ಮುಗಿಸಬೇಕಾದ ಗ್ಯಾಸು ಅದು, ಮೇಲಾಗಿ 50 ಡಿಗ್ರಿ ನೀರಿಗೆ ಒತ್ತಡ 300 ಪಿಎಸ್‌ಐ ತನಕ ಹೋಗುತ್ತಿತ್ತು. ಆರ್-134ಎ ಎಂಬ ಬೇರೆ ಗ್ಯಾಸಿನ ಕಂಪ್ರೆಸರ್ ಹಾಕಿದೆ, ಈಗ 200ರ ಆಸುಪಾಸು. ಎಣ್ಣೆಯ ಜಾತಿ ಬೇರೆಯಾದ್ದರಿಂದ ಹಳೆಯ ಪೈಪುಗಳನ್ನು ನೈಟ್ರೋಜನ್ ಊದಿ ಊದಿ ತೊಳೆಯಬೇಕಾಯಿತು. ನೀರು ಕಾಯಲು ಒಂದೂವರೆ ತಾಸಿನ ಬದಲು ಎರಡೂವರೆ ತಾಸು. ಫ್ಲೋ ಸ್ವಿಚ್ ಹಾಕಿದ್ದೇನೆ. ನೀರು ಹರಿಯದೆ ಕಂಪ್ರೆಸರ್ ಏಳುವುದಿಲ್ಲ. ಲೋ ಪ್ರೆಶರ್ ಸ್ವಿಚ್ಚಿನ ಡಬ್ಬಿಗೆ ಸೀಲು.

ಎಲ್ಲರೂ ಮಾಡಬೇಕಾದ್ದೇ ಎಂದು ಕೇಳಿದರೆ ಇಲ್ಲ ಅನ್ನುತ್ತೇನೆ. ಸ್ವೀಡನ್ನಿನಲ್ಲಿ ಹವೆಗೂ ನೆಲಕ್ಕೂ ಇಪ್ಪತ್ತು ಡಿಗ್ರಿ ಅಂತರ, ಬೋರಿನ ಖರ್ಚಿಗೆ ಅರ್ಥವಿದೆ. ನಮ್ಮಲ್ಲಿ ಆಷಾಢದ ಹವೆಗೂ ಬಾವಿಗೂ ಎರಡು ಮೂರು ಡಿಗ್ರಿ ವ್ಯತ್ಯಾಸ ಅಷ್ಟೆ. ಹವೆಯಿಂದಲೇ ಶಾಖ ಎಳೆಯುವ ರೆಡಿ ಮಷಿನು ಸಿಗುತ್ತದೆ, ಸುರುಳಿಯ ರಗಳೆಯಿಲ್ಲ. ಕಾರವಾರ, ಕುಮಟಾ ಕಡೆಯವರಿಗಂತೂ ಅದೇ ಸೈ. ನನ್ನದಕ್ಕೆ ಮೇಲುಗೈ ಚಳಿಗಾಲದ ಬೆಳಗಿನ ಜಾವಕ್ಕೆ ಮಾತ್ರ. ಆಯಿ ಏಳುವುದು ಆ ಹೊತ್ತಿಗೇ.

ಆಚೆಮನೆ ಭಾವ ತನಗೂ ಒಂದು ಮಾಡಿಕೊಡು ಅಂತ ಹಿಂದೆ ಬಿದ್ದಿದ್ದಾನೆ. ಮೇ ಕೊನೆಗೆ ನಿನ್ನ ಬಾವಿಯಲ್ಲಿ ಎಷ್ಟು ನೀರಿರುತ್ತದೆ ಅಳೆದು ಬಂದು ಹೇಳು ಎಂದಿದ್ದೇನೆ.