ಹಿಮ್ಮುಖ ಕಾರ್ ಸೀಟನ್ನು ನೆಟ್ಟಗೆ ಕೂರಿಸುವ ಬಗ್ಗೆ: ಅಮೆರಿಕಕ್ಕೆ ಬಂದ ನಮ್ಮ ಕಡೆಯ ಹೊಸ ತಂದೆತಾಯಿಯರಿಗೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಅಮೆರಿಕಕ್ಕೆ ಬಂದು ನೆಲೆಸುವ ಕುಟುಂಬಗಳಲ್ಲಿ ಹಲವರು ಮಗುವಿನ ಮೊದಲ ಹುಟ್ಟುಹಬ್ಬ ಮುಗಿಯುತ್ತಲೇ ಕಾರ್ ಸೀಟನ್ನು ಮುಂದಕ್ಕೆ ತಿರುಗಿಸಿಬಿಡುತ್ತಾರೆ. ಕಾರಣ ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಹಿಮ್ಮುಖವಾಗಿ, ಅಂದರೆ ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ ಕೂರಿಸಿದ ಸೀಟು ಒರಗಿಕೊಂಡು ಬಹಳ ಜಾಗ ಹಿಡಿಯುತ್ತದೆ, ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ, ಬಾಣಂತನಕ್ಕೆಂದು ಊರಿನಿಂದ ಬಂದ ತಾಯಿಗೋ ಅತ್ತೆಗೋ ಕಾಲು ಚಾಚಲು ಆಗುವುದಿಲ್ಲ. ಆದರೆ ಮಗುವಿನ ಕುತ್ತಿಗೆ ನಿಂತ ಮೇಲೆ ಅದೇ ಸೀಟನ್ನು ಹಿಮ್ಮುಖವಾಗಿಯೇ ಇಟ್ಟು ಇನ್ನಷ್ಟು ನೆಟ್ಟಗೆ ಕೂರಿಸಲು ಅನೇಕ ತಯಾರಕರೇ ಅವಕಾಶ ಕೊಟ್ಟಿರುತ್ತಾರೆ. ತಿರುಗಿಸುವ ಮೊದಲು ನೆಟ್ಟಗೆ ಮಾಡಿ ನೋಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಸುಗೂಸಿನ ತಲೆ ಅದರ ಮೈಯುದ್ದದ ಸುಮಾರು ಕಾಲು ಭಾಗದಷ್ಟಿರುತ್ತದೆ, ಕುತ್ತಿಗೆಯ ಮೂಳೆಗಳು ಇನ್ನೂ ಬಲಿತಿರುವುದಿಲ್ಲ. ಕಾರಿನ ಮುಂಭಾಗ ಡಿಕ್ಕಿಯಾದಾಗ ಹಿಮ್ಮುಖ ಸೀಟಿನ ಒರಗು ಭಾಗವು ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಆತುಕೊಂಡು ಹೊಡೆತವನ್ನು ಹಂಚಿಬಿಡುತ್ತದೆ. ಇಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲಿ ಇಂತಿಷ್ಟೇ ವಯಸ್ಸು ಎಂಬ ಗಡಿಯನ್ನು ಕೈಬಿಟ್ಟು, ಸೀಟಿನ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಹಿಮ್ಮುಖವಾಗಿಯೇ ಕೂರಿಸಬೇಕೆಂದು ಹೇಳಿತು. ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಕೂರಿಸಬಹುದಾದ ಇಲ್ಲಿನ ಕನ್ವರ್ಟಿಬಲ್ ಸೀಟುಗಳಲ್ಲಿ ಈ ಮಿತಿ ಸಾಮಾನ್ಯವಾಗಿ 40ರಿಂದ 50 ಪೌಂಡ್. ಒಂದು ವರ್ಷದ ಮಗು ಅದರ ಹತ್ತಿರಕ್ಕೂ ಬಂದಿರುವುದಿಲ್ಲ.

ಇನ್ನು ಓರೆಯ ವಿಚಾರ. ನವಜಾತ ಶಿಶುವಿಗೆ ತಲೆ ನಿಲ್ಲಿಸುವ ಶಕ್ತಿ ಇಲ್ಲದ್ದರಿಂದ, ಸೀಟು ಅತಿ ನೆಟ್ಟಗಿದ್ದರೆ ಗದ್ದ ಎದೆಗೆ ಬಿದ್ದು ಉಸಿರಾಟಕ್ಕೆ ಅಡ್ಡಿಯಾಗಬಹುದು. ಹಾಗಾಗಿ ಅದಕ್ಕೆ ನೆಟ್ಟನೆಯ ಗೆರೆಯಿಂದ ಸುಮಾರು 45 ಡಿಗ್ರಿಯಷ್ಟು ಒರಗು ಬೇಕು. ತಲೆ ನಿಂತ ದೊಡ್ಡ ಮಗುವಿಗೆ ಅನೇಕ ಸೀಟುಗಳು ಸುಮಾರು 30 ಡಿಗ್ರಿಯವರೆಗೆ ಬಿಡುತ್ತವೆ. ದೊಡ್ಡ ಮಗುವಿಗೆ ನೆಟ್ಟಗಿರುವುದೇ ಒಳ್ಳೆಯದು ಕೂಡ, ಏಕೆಂದರೆ ಡಿಕ್ಕಿಯ ಹೊತ್ತಿನಲ್ಲಿ ಮೈ ತಲೆಯ ಕಡೆಗೆ ಜಾರುವುದು ಕಡಿಮೆಯಾಗುತ್ತದೆ. ಈ ಓರೆಯನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಕೆಲವು ಸೀಟುಗಳ ಪಕ್ಕದಲ್ಲಿ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕಾದ ಒಂದು ಗೆರೆ ಇರುತ್ತದೆ. ಇನ್ನು ಕೆಲವಲ್ಲಿ ಗಾರೆ ಮೇಸ್ತ್ರಿಯ ರಸಮಟ್ಟದಂತೆ ಗುಳ್ಳೆ ಓಡಾಡುವ ಗಾಜಿನ ಕಿಂಡಿ ಇರುತ್ತದೆ. ಒಂದೇ ಗೆರೆ ಇದ್ದರೆ ಎಲ್ಲ ವಯಸ್ಸಿಗೂ ಅದೇ ಓರೆ, ಅಲ್ಲಿ ನಮ್ಮ ಆಯ್ಕೆಯಿಲ್ಲ. ಎರಡು ಗೆರೆಗಳೋ ಎರಡು ಬಣ್ಣದ ಪಟ್ಟಿಗಳೋ ಇದ್ದರೆ ಅವುಗಳ ನಡುವಿನ ಜಾಗವೇ ನಿಮಗಿರುವ ಸ್ವಾತಂತ್ರ್ಯ. ನೋಡುವಾಗ ಕಾರು ಸಮತಟ್ಟಾದ ನೆಲದ ಮೇಲಿರಬೇಕು. ಇಲ್ಲಿ ಬಹಳಷ್ಟು ಮನೆಗಳ ಡ್ರೈವ್‌ವೇ ಇಳಿಜಾರಾಗಿರುತ್ತದೆ, ಅಲ್ಲಿ ಗೆರೆ ಸುಳ್ಳು ಹೇಳುತ್ತದೆ.

ಒಂದೇ ಸೀಟು ಒಂದು ಕಾರಿನಲ್ಲಿ ನೆಟ್ಟಗೆ ಕೂತು ಇನ್ನೊಂದರಲ್ಲಿ ಅಂಗಾತ ಬೀಳುವುದಕ್ಕೆ ಕಾರಿನ ಸೀಟಿನ ಇಳಿಜಾರೇ ಕಾರಣ. ಕೆಲವು ಕಾರುಗಳ, ಅದರಲ್ಲೂ ಹಲವು ಸೆಡಾನ್‌ಗಳ ಹಿಂದಿನ ಸೀಟಿನ ಮುಂದಿನ ಅಂಚು ಎತ್ತರವಾಗಿದ್ದು, ಬೆನ್ನಿನ ಭಾಗ ಸೇರುವ ಸಂದು ತಗ್ಗಾಗಿರುತ್ತದೆ. ಹಿಮ್ಮುಖ ಸೀಟಿನಲ್ಲಿ ಮಗುವಿನ ಕಾಲು ಆ ಸಂದಿನ ಕಡೆಗೂ ತಲೆ ಎತ್ತರದ ಅಂಚಿನ ಕಡೆಗೂ ಬರುವುದರಿಂದ ಸೀಟು ತಾನಾಗಿಯೇ ನೆಟ್ಟಗಾಗುತ್ತದೆ. ನವಜಾತ ಶಿಶುವಿಗೆ ಇದು ಅತಿಯಾಗುವುದುಂಟು. ಆಗ ಕೈಪಿಡಿ ಒಪ್ಪಿದರೆ ಮಾತ್ರ, ಆ ಸಂದಿನಲ್ಲಿ ಬಿಗಿಯಾಗಿ ಸುತ್ತಿದ ಟವೆಲ್ ಅಥವಾ ಪೂಲ್ ನೂಡಲ್ ಎನ್ನುವ ಫೋಮ್ ಕೊಳವೆ ಇಡಬಹುದು. ಮಗು ಬೆಳೆದ ಮೇಲೆ ಅದನ್ನು ತೆಗೆಯಲು ಮರೆಯುವವರೇ ಹೆಚ್ಚು, ನೆಟ್ಟಗಾಗುತ್ತಿಲ್ಲ ಎಂದು ಕೊರಗುವ ಮೊದಲು ಅಲ್ಲಿ ಒಮ್ಮೆ ಕೈಯಾಡಿಸಿ ನೋಡಿ. ಮಟ್ಟಸವಾದ ಸೀಟುಗಳಿರುವ ಪಿಕಪ್, ಮಿನಿವ್ಯಾನ್‌ಗಳಲ್ಲಿ ತೊಂದರೆ ಇದಕ್ಕೆ ತಿರುಗಾಮುರುಗಾ: ಬುಡದ ಒರಗು ಹೊಂದಿಸುವ ಗುಂಡಿಯನ್ನು ಅತಿ ನೆಟ್ಟನೆಯ ಹಂತಕ್ಕೆ ತಂದರೂ ಸೀಟು ಒರಗಿಯೇ ಇರುತ್ತದೆ.

ಅಂತಹ ಕಡೆ ಬಿಗಿಯುವ ಕ್ರಮದಲ್ಲೇ ಕೆಲಸವಿದೆ. ಮೊದಲು ಮಗುವಿನ ಸೀಟನ್ನು ಕಾರಿನ ಸೀಟಿನ ಬೆನ್ನಿನ ಭಾಗದ ಕಡೆಗೆ ಒತ್ತಿ ಇಡಿ. ಹಿಮ್ಮುಖಕ್ಕೆಂದು ಗುರುತಿಸಿದ ಹಾದಿಯಲ್ಲೇ ಬೆಲ್ಟನ್ನು ತೂರಿಸಿ ಬಕಲ್ ಹಾಕಿ, ಭುಜದ ಬೆಲ್ಟನ್ನು ನಿಧಾನವಾಗಿ ಕೊನೆಯವರೆಗೂ ಹೊರಗೆಳೆದು ಬಿಡಿ. 1996ರ ಮಾದರಿಯಿಂದೀಚಿನ ಬಹುತೇಕ ಕಾರುಗಳಲ್ಲಿ ಅದು ಟಕಟಕ ಸದ್ದು ಮಾಡುತ್ತಾ ಒಳಸರಿದು ಬಿಗಿಯುತ್ತದೆ. ಆಗ ಒಂದು ಕೈಯಿಂದ ಮಗುವಿನ ಕಾಲು ಬರುವ ತುದಿಯನ್ನು ಸಂದಿನೊಳಕ್ಕೆ ಬಲವಾಗಿ ಅದುಮುತ್ತಾ, ಇನ್ನೊಂದು ಕೈಯಿಂದ ಬೆಲ್ಟಿನ ಸಡಿಲನ್ನೆಲ್ಲ ಎಳೆದುಕೊಳ್ಳಬೇಕು. ಕಾಲಿನ ತುದಿ ತಗ್ಗಿದಷ್ಟೂ ತಲೆಯ ತುದಿ ಏಳುತ್ತದೆ. ಕೊನೆಗೆ ಬೆಲ್ಟ್ ಹಾಯುವ ಜಾಗದಲ್ಲೇ ಹಿಡಿದು ಅಲುಗಿಸಿ, ಯಾವ ಕಡೆಗೂ ಒಂದು ಇಂಚಿಗಿಂತ ಹೆಚ್ಚು ಅಲುಗಬಾರದು. ತಲೆಯ ತುದಿ ಸ್ವಲ್ಪ ಆಡಿದರೆ ಗಾಬರಿ ಬೇಡ. ಬೆಲ್ಟಿನ ಬದಲು ಕಾರಿನ ಸೀಟಿನ ಸಂದಿನಲ್ಲಿರುವ ಲೋಹದ ಕಂಬಿಗಳಿಗೆ ಸಿಕ್ಕಿಸುವ ಲ್ಯಾಚ್ ಕೊಂಡಿಗಳನ್ನೂ ಬಳಸಬಹುದು, ಆದರೆ ಕೈಪಿಡಿ ಹೇಳದ ಹೊರತು ಎರಡನ್ನೂ ಒಟ್ಟಿಗೆ ಬಳಸಬಾರದು, ಮತ್ತು ಕೊಂಡಿಗಳಿಗೆ ಸೀಟು ಹಾಗೂ ಮಗುವಿನ ಒಟ್ಟು ತೂಕದ ಮಿತಿ ಇರುತ್ತದೆ. ಬೆಲ್ಟಿನಲ್ಲಿ ಒಂದು ಓರೆ, ಲ್ಯಾಚಿನಲ್ಲಿ ಇನ್ನೊಂದು ಓರೆ ಬರುವುದುಂಟು. ಎರಡನ್ನೂ ಬೇರೆಬೇರೆಯಾಗಿ ಮಾಡಿ ನೋಡಿ.

ಮಗುವಿನ ಸೀಟು ಕಾರಿನ ಮುಂದಿನ ಸೀಟಿಗೆ ತಾಗಬಹುದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ತಯಾರಕರು ಒಪ್ಪುತ್ತಾರೆ, ಕೆಲವರು ಅಂತರ ಬೇಕೆನ್ನುತ್ತಾರೆ. ಮಗುವಿನ ಸೀಟಿನದ್ದೂ ಕಾರಿನದ್ದೂ ಎರಡೂ ಕೈಪಿಡಿಗಳನ್ನು ಓದಬೇಕು. ಏರ್‌ಬ್ಯಾಗ್ ಚಾಲ್ತಿಯಲ್ಲಿರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಎಂದಿಗೂ ಇಡಬೇಡಿ.

ಮನೆಯ ಹಿರಿಯರ ಆತಂಕಗಳಿಗೆ ಸಮಾಧಾನವಾಗಿ ಉತ್ತರ ಕೊಡಿ. ಕಾಲು ಮಡಚಿಕೊಂಡು ಮಗುವಿಗೆ ನೋಯುತ್ತದೆ ಎನ್ನುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರುವುದು ಆ ವಯಸ್ಸಿನ ಮಕ್ಕಳಿಗೆ ಸಲೀಸು. ಬೆನ್ನಿಗೆ ದುಪ್ಪಟಿ, ತಲೆಯ ಹಿಂದೆ ದಿಂಬು ಕೊಡಲು ಬಂದರೆ ಮಾತ್ರ ಗಟ್ಟಿಯಾಗಿ ಬೇಡವೆನ್ನಿ, ಏಕೆಂದರೆ ಸೀಟಿನ ಜೊತೆ ಬಾರದ ಯಾವುದನ್ನೂ ಮಗುವಿನ ಬೆನ್ನ ಹಿಂದೆ ಇಡಬಾರದು. ನಿದ್ದೆಯಲ್ಲಿ ತಲೆ ಪಕ್ಕಕ್ಕೆ ವಾಲಿದರೆ ತೊಂದರೆಯಿಲ್ಲ. ಗದ್ದ ಎದೆಗೆ ಬೀಳುತ್ತಿದ್ದರೆ ಆ ಮಗುವಿಗೆ ನೆಟ್ಟನೆಯ ಓರೆಯ ಕಾಲ ಇನ್ನೂ ಬಂದಿಲ್ಲ, ಮತ್ತೆ ಒರಗಿಸಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ವೈದ್ಯರನ್ನು ಕೇಳದೆ ಓರೆ ಬದಲಿಸಬೇಡಿ. ಅನುಮಾನವಿದ್ದರೆ ತರಬೇತಾದ ಚೈಲ್ಡ್ ಪ್ಯಾಸೆಂಜರ್ ಸೇಫ್ಟಿ ಟೆಕ್ನಿಷಿಯನ್‌ಗಳು ಹಲವು ಊರುಗಳಲ್ಲಿ ಉಚಿತವಾಗಿ ನೋಡಿಕೊಡುತ್ತಾರೆ, ಸಂಕೋಚಪಡದೆ ಹೋಗಿ.

ಊರಿಗೆ ಹೋಗುವಾಗ ಇದೇ ಸೀಟನ್ನು ಒಯ್ಯುವವರಿಗೆ ಒಂದು ಮಾತು. ದೇವನಹಳ್ಳಿಯಲ್ಲಿ ವಿಮಾನ ಇಳಿದು ಚಿಕ್ಕಬಳ್ಳಾಪುರಕ್ಕೋ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ಕೋಲಾರಕ್ಕೋ, ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಮೇಲೆ ತುಮಕೂರಿಗೋ ಹೋಗುವ ದಾರಿಗಳಲ್ಲಿಯೂ ಸೀಟು ಬೇಕೇ ಬೇಕು. ಭಾರತದಲ್ಲೂ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಿಂದ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡವಿದೆ. ಅಲ್ಲಿಯ ಅನೇಕ ಕಾರುಗಳ ಬೆಲ್ಟು ಜರ್ಕ್ ಹೊಡೆದಾಗ ಮಾತ್ರ ಹಿಡಿಯುತ್ತದೆ, ಕೊನೆಯವರೆಗೂ ಎಳೆದರೂ ಬಿಗಿಯಾಗಿ ನಿಲ್ಲುವುದಿಲ್ಲ. ಅಂತಹ ಬೆಲ್ಟಿಗೆ ಸೀಟಿನಲ್ಲೇ ಅಳವಡಿಸಿದ ಲಾಕ್ ಅಥವಾ ಪ್ರತ್ಯೇಕ ಲಾಕಿಂಗ್ ಕ್ಲಿಪ್ ಬೇಕು. ಇಲ್ಲಿಯ ಲ್ಯಾಚಿನಂಥದ್ದೇ ಆದ ಐಸೋಫಿಕ್ಸ್ ಕೊಂಡಿಯಿರುವ ಇತ್ತೀಚಿನ ಕಾರು ಸಿಕ್ಕರೆ ಕೆಲಸ ಸುಲಭ, ಆದ್ದರಿಂದ ಟ್ಯಾಕ್ಸಿ ಗೊತ್ತುಮಾಡುವ ನೆಂಟರಿಗೆ ಆ ಕೊಂಡಿ ಇರುವ ಗಾಡಿಯನ್ನೇ ಕೇಳಲು ಮೊದಲೇ ಹೇಳಿ, ನಿಲ್ದಾಣದಲ್ಲಿ ಸೀಟು ಕೂರಿಸಿ ಓರೆ ಸರಿನೋಡುವಷ್ಟು ಹೊತ್ತು ಕಾಯುವಂತೆ ಚಾಲಕರಿಗೂ ತಿಳಿಸಿಡಿ.