ಕಪ್ಲರಿನ ಖಾಲಿ ತೂತಿಗೆ ನೈಲಾನ್ ಡಮ್ಮಿ: ನನ್ನ ಅನುಭವ

ಡಿಟಿ ಎಂದರೆ ಗಾಡಿಯ ವೈರು ಜೋಡಿಸುವ ಒಂದು ಬಗೆಯ ಕಪ್ಲರ್, ಹಿಂಬದಿಯಲ್ಲಿ ಎಲ್ಲ ವೈರಿಗೂ ಸೇರಿ ತೂತುಗಳಿರುವ ಒಂದೇ ಸಿಲಿಕೋನ್ ರಬ್ಬರ್ ಸೀಲ್ ಇರುತ್ತದೆ. 12 ಪಿನ್ನಿನ ಡಿಟಿ ಕಪ್ಲರಿನಲ್ಲಿ 9 ವೈರು ಹಾಕಿ ಉಳಿದ 3 ತೂತು ಹಾಗೇ ಬಿಟ್ಟರೆ ನೀರು ಹೊಕ್ಕು ಆ ಒಂಬತ್ತಕ್ಕೂ ಕೇಡು. ಆ ತೂತುಗಳಿಗೆ ಹುಲ್ಲು ಕತ್ತರಿಸುವ ಬ್ರಷ್ ಕಟರಿನ ನೈಲಾನ್ ದಾರದಿಂದ ಡಮ್ಮಿ, ಅಂದರೆ ತೂತು ಮುಚ್ಚುವ ಕಡ್ಡಿ, ಮಾಡಿ ಹಾಕುತ್ತೇನೆ ಎಂದಾಗ ಪೀಣ್ಯದಲ್ಲಿ ನಮ್ಮ ಕೆಲಸದವರು ಯಾರೂ ಒಪ್ಪಲಿಲ್ಲ. ಎರಡು ಮಳೆಗಾಲ ಕಳೆದಿದೆ. ಟಿಪ್ಪರು, ಸ್ಕೂಲ್ ವ್ಯಾನು ಸೇರಿ ಸುಮಾರು 40 ಗಾಡಿಗೆ ಹಾಕಿದ್ದೇನೆ, ಒಂದೂ ಕಪ್ಲರ್ ಕಿಲುಬು ಹಿಡಿದು ವಾಪಸ್ ಬಂದಿಲ್ಲ. ಈಗ ಧೈರ್ಯವಾಗಿ ಬರೆಯಬಹುದು.

ಒರಿಜಿನಲ್ ಡಮ್ಮಿಯೇ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. 114017 ನಂಬರಿನ ಬಿಳಿ ಕಡ್ಡಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಒಂದು ವಾರ ಇರುತ್ತದೆ, ಮೂರು ವಾರ ಇರುವುದಿಲ್ಲ. ಬಿಡಿಯಾಗಿ ತೆಗೆದುಕೊಂಡರೆ ಒಂದಕ್ಕೆ 10–12 ರೂಪಾಯಿ ಕೊಟ್ಟ ನೆನಪು. ಗಾಡಿ ಶೆಡ್ಡಿನಲ್ಲಿ ನಿಂತಿರುವಾಗ ಪಾರ್ಸಲ್ ಬರಲಿ ಎಂದು ಕಾಯಲು ಆಗುವುದಿಲ್ಲ.

ಮೊದಲು ಕೆಟ್ಟಿದ್ದನ್ನು ಹೇಳುತ್ತೇನೆ. ಗ್ಲೂ ಗನ್ ಅಂಟು ಸಿಲಿಕೋನ್ ರಬ್ಬರಿಗೆ ಹಿಡಿಯುವುದೇ ಇಲ್ಲ. ಎಂಜಿನ್ ಕಾವಿಗೆ ಮೆತ್ತಗಾಗಿ ಟೋಪಿಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಎಪಾಕ್ಸಿ ಪುಟ್ಟಿಯದೂ ಅದೇ ಪಾಡು: ರಬ್ಬರ್ ಅಲುಗುತ್ತದೆ, ಪುಟ್ಟಿ ಅಲುಗುವುದಿಲ್ಲ, ಸುತ್ತ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಎಲ್ಲಕ್ಕಿಂತ ದುಬಾರಿಯಾಗಿದ್ದು ವಿನೆಗರ್ ವಾಸನೆಯ ಸಿಲಿಕೋನ್ ಸೀಲಂಟ್. ಗಾಳಿಯ ತೇವ ತಾಗಿದರೆ ಮಾತ್ರ ಅದು ಗಟ್ಟಿಯಾಗುವುದು. ತೂತಿನ ಆಳದಲ್ಲಿ ದಿನಗಟ್ಟಲೆ ಹಸಿಯಾಗಿಯೇ ಕೂತು, ಅದರಿಂದ ಬರುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ಎರಡು ಟಿಪ್ಪರಿನ ಟೈಲ್ ಲೈಟ್ ಕಪ್ಲರು, 14 ಪಿನ್ನು ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಸುಮಾರು 1,800 ರೂಪಾಯಿ, ಒಂದು ದಿನದ ದುಡಿಮೆ ಬೇರೆ. ವಾಸನೆ ಇಲ್ಲದ ನ್ಯೂಟ್ರಲ್ ಸೀಲಂಟ್ ನಿಂತಿತು, ನಿಜ. ಆದರೆ ಆಮೇಲೆ ರಿವರ್ಸ್ ಕ್ಯಾಮೆರಾ ವೈರು ಸೇರಿಸಬೇಕಾದಾಗ ತೂತು ಬಿಡಿಸಲಾಗದೆ ಕಪ್ಲರನ್ನೇ ಬದಲಾಯಿಸಿದೆ.

ವೈರಿನ ತುಂಡನ್ನೇ ತುರುಕುವ ಅಭ್ಯಾಸ ನಮ್ಮಲ್ಲಿ ಬಹಳ. ಹೊರಗಿನಿಂದ ಸೀಲ್ ಚೆನ್ನಾಗಿಯೇ ಹಿಡಿಯುತ್ತದೆ, ನೀರು ಮಾತ್ರ ಎಳೆಗಳ ನಡುವೆ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಹೋಗುತ್ತದೆ. 3 ಮಿ.ಮೀ. ಸಿಲಿಕೋನ್ ದಾರವನ್ನೂ ನೋಡಿದೆ. ಮೆತ್ತಗಿರುವುದರಿಂದ ತಳ್ಳುವಾಗಲೇ ಮಡಚಿಕೊಳ್ಳುತ್ತದೆ. ತಲೆ ಇಲ್ಲದ್ದರಿಂದ ಒಳಕ್ಕೂ ಜಾರುತ್ತದೆ.

ಒಳಕ್ಕೆ ಜಾರುವುದೇ ಇಲ್ಲಿನ ಮುಖ್ಯ ತೊಂದರೆ. 80 ಡಿಗ್ರಿ ಕಾದ ಕಪ್ಲರಿಗೆ ವಾಟರ್ ವಾಶ್ ನೀರು ಬಿದ್ದು ಅದು 30ಕ್ಕೆ ಇಳಿದರೆ ಒಳಗಿನ ಗಾಳಿಯ ಒತ್ತಡ ನೂರಕ್ಕೆ ಸುಮಾರು 14 ಭಾಗ ಕುಸಿದು, ಡಮ್ಮಿಯನ್ನೂ ನೀರನ್ನೂ ಒಳಕ್ಕೆ ಎಳೆಯುತ್ತದೆ. ಬೆಂಗಳೂರಿನ ಎತ್ತರಕ್ಕೆ ಲೆಕ್ಕ ಹಾಕಿದರೆ ಅದು 1.3 ಮೀಟರ್ ಆಳದ ನೀರಿನಲ್ಲಿ ಮುಳುಗಿಸಿದಷ್ಟು. ಅಂಡರ್‌ಪಾಸಿನಲ್ಲಿ ನಿಂತ ನೀರಿಗಿಂತ ಬಿಸಿ ಗಾಡಿಯ ವಾಶ್ ಹೆಚ್ಚು ಕೆಡಿಸುವುದು ಇದಕ್ಕೇ. ಹೊಕ್ಕ ನೀರು ಮೊದಲು ತಿನ್ನುವುದು ಬ್ಯಾಟರಿ ಪಾಸಿಟಿವ್ ಇರುವ ಪಿನ್ನನ್ನು. ಹಾಗಾಗಿ ಡಮ್ಮಿ ವೈರಿನಷ್ಟೇ ದುಂಡಗೆ, ಗಟ್ಟಿಯಾಗಿ ಇರಬೇಕು, ಹೊರಗೆ ತಲೆಯೂ ಇರಬೇಕು.

ದಾರ ದುಂಡನೆಯದೇ ಬೇಕು. ಚೌಕ, ನಕ್ಷತ್ರದ ಆಕಾರದ್ದು ಮುಟ್ಟಬೇಡಿ. ಡಿಟಿ ಸೀಲ್ ಹಿಡಿಯುವುದು ಸುಮಾರು 2.2ರಿಂದ 3.7 ಮಿ.ಮೀ. ವೈರನ್ನು, ಅದಕ್ಕೆ 3 ಮಿ.ಮೀ. ದಾರ. ಸಣ್ಣ ಡಿಟಿಎಂ ಹಿಡಿಯುವುದು 1.35ರಿಂದ 3.05, ಅದಕ್ಕೆ 2.4. ವರ್ನಿಯರ್ ಇಟ್ಟು ನೋಡಿಯೇ ಕೊಳ್ಳಿ, 3 ಎಂದು ಬರೆದದ್ದು 2.8 ಇರುವುದುಂಟು. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ತುದಿ ಉಳಿಯಂತಾಗಿ ಸೀಲನ್ನು ಸೀಳುತ್ತದೆ. ಹಲಗೆಯ ಮೇಲೆ ಉರುಳಿಸುತ್ತಾ ಬ್ಲೇಡಿನಲ್ಲಿ ಕತ್ತರಿಸಿ, 20 ಮಿ.ಮೀ. ಸಾಕು. ಒಳಹೋಗುವ ತುದಿಯನ್ನು 400 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡಿ.

ತಲೆಗೆ, ಅಲ್ಯೂಮಿನಿಯಂ ಪಟ್ಟಿಯಲ್ಲಿ 3.2 ಮಿ.ಮೀ. ತೂತು ಕೊರೆದು ತುಂಡನ್ನು ಇಳಿಸಿ, ಮೇಲೆ 4 ಮಿ.ಮೀ. ಬಿಟ್ಟು, ಚಪ್ಪಟೆ ತುದಿಯ ಸೋಲ್ಡರಿಂಗ್ ಐರನ್ನನ್ನು 250 ಡಿಗ್ರಿಗೆ ಇಟ್ಟು ನಿಧಾನವಾಗಿ ಒತ್ತಬೇಕು. ಮೊದಲು ತುದಿ ಗಾಜಿನಂತೆ ಹೊಳೆಯುತ್ತದೆ, ಆಮೇಲೆ ಅಣಬೆಯಂತೆ ಹರಡುತ್ತದೆ. 4.5 ಮಿ.ಮೀ. ಅಗಲಕ್ಕೆ ನಿಲ್ಲಿಸಿ; ಅದಕ್ಕಿಂತ ಹೆಚ್ಚಾದರೆ ಪಕ್ಕದ ವೈರಿಗೆ ತಾಗುತ್ತದೆ. 300 ದಾಟಿದರೆ ಕಂದು ಬಣ್ಣ ಬಂದು ತಲೆ ಪಟ್ಟನೆ ಮುರಿಯುತ್ತದೆ. ಐರನ್ನಿಗೆ ನೈಲಾನ್ ಅಂಟದ ಹಾಗೆ ನಡುವೆ ಏನಿಡುತ್ತೇನೆ ಎಂಬುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಗಂಟೆಗೆ 100ರ ಹತ್ತಿರ ಮಾಡುತ್ತೇನೆ. 10 ಮೀಟರ್ ದಾರಕ್ಕೆ 200 ರೂಪಾಯಿ, 500 ಡಮ್ಮಿ, ಒಂದಕ್ಕೆ 40 ಪೈಸೆ.

ವೈರುಗಳೆಲ್ಲ ಕೂತ ಮೇಲೆಯೇ ಡಮ್ಮಿ ಹಾಕಿ. ಗ್ರೀಸ್ ಬೇಡ: ಸಿಲಿಕೋನ್ ಗ್ರೀಸ್ ಸಿಲಿಕೋನ್ ಸೀಲನ್ನೇ ಉಬ್ಬಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ನೇರವಾಗಿ ತಳ್ಳಿ, ತಲೆ ರಬ್ಬರಿಗೆ ಕೂರಬೇಕು. ಗಂಡು, ಹೆಣ್ಣು ಎರಡೂ ಕಪ್ಲರಿಗೆ ಹಾಕಬೇಕು. ಒಂದು ಕಡೆ ಮಾತ್ರ ಹಾಕಿ ಕೈಬಿಟ್ಟ ಕೆಲಸವನ್ನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ.

ಪರೀಕ್ಷೆಗೆ ಬಿಪಿ ನೋಡುವ ಬಲ್ಬು, ಮೀಟರು. ಒಂದು ಖಾಲಿ ತೂತಿಗೆ 3 ಮಿ.ಮೀ. ನ್ಯುಮ್ಯಾಟಿಕ್ ಟ್ಯೂಬ್ ತೂರಿಸಿ, ಕಪ್ಲರ್ ಜೋಡಿಸಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಬಿಪಿ ಮೀಟರಿನ 200ಕ್ಕೆ (ಮಿ.ಮೀ. ಪಾದರಸ) ಏರಿಸಿ. ಅದು 2.7 ಮೀಟರ್ ನೀರಿಗೆ ಸಮ, ನಮಗೆ ಬೇಕಾದ್ದರ ಎರಡರಷ್ಟು. ಗುಳ್ಳೆ ಇಲ್ಲದೆಯೂ ಮುಳ್ಳು ಇಳಿದರೆ ಗಾಬರಿ ಬೇಡ. ಗಾಳಿ ವೈರಿನ ಎಳೆಗಳೊಳಗೆ ಹೋಗಿ ಆಚೆ ತುದಿಯಲ್ಲಿ ಬರುತ್ತಿರುತ್ತದೆ, ಆ ತುದಿಗಳನ್ನು ಬಿಗಿಯಾಗಿ ಮುಚ್ಚಿ ಮತ್ತೆ ನೋಡಿ.

ಇಷ್ಟಕ್ಕೇ ಬಿಡಲು ಮನಸ್ಸಾಗದೆ ಹಳೆಯ ಓವನ್ನಿನಲ್ಲಿ 80 ಡಿಗ್ರಿಗೆ ಕಾಯಿಸಿ ಉಪ್ಪು ನೀರಿಗೆ ಹತ್ತು ಸಲ ಅದ್ದಿದೆ, ಲೀಟರಿಗೆ 50 ಗ್ರಾಂ ಉಪ್ಪು. 500 ವೋಲ್ಟ್ ಮೆಗ್ಗರಿನಲ್ಲಿ (ಕರೆಂಟ್ ಸೋರಿಕೆ ನೋಡುವ ಮೀಟರು) ನೈಲಾನ್ ಹಾಕಿದ ಕಪ್ಲರ್ 100 ಮೆಗಾಓಮ್ ಮೇಲೆಯೇ ನಿಂತಿತು. ವೈರಿನ ತುಂಡು ಹಾಕಿದ್ದು ಮೂರನೆಯ ಸಲಕ್ಕೇ 1 ಮೆಗಾಓಮ್‌ಗಿಂತ ಕೆಳಗೆ ಬಂತು. ಗಾಡಿಯ ಮೇಲೆ ಮೆಗ್ಗರ್ ಹಾಕುವವರು ಇಸಿಯು (ಗಾಡಿಯ ಕಂಪ್ಯೂಟರು) ಕಡೆಯ ಕಪ್ಲರ್ ಬಿಚ್ಚಿಯೇ ಹಾಕಿ.

ವೆದರ್ ಪ್ಯಾಕ್, ಸೂಪರ್‌ಸೀಲ್ ಎಂಬ ಬೇರೆ ಬಗೆಯ ಕಪ್ಲರುಗಳಿಗೆ ಇದು ನಡೆಯುವುದಿಲ್ಲ. ಅಲ್ಲಿ ಪ್ರತಿ ವೈರಿಗೂ ಅದರದೇ ಸೀಲ್ ಇರುವುದರಿಂದ ಖಾಲಿ ತೂತು ದೊಡ್ಡದು, ಒರಿಜಿನಲ್ ರಬ್ಬರ್ ಡಮ್ಮಿಯೇ ತರಬೇಕು. ಬ್ಯಾಟರಿ ಬಾಕ್ಸಿನ ಪಕ್ಕವೂ ಹಾಕಬೇಡಿ, ಆಸಿಡ್ ನೈಲಾನನ್ನು ತಿನ್ನುತ್ತದೆ.